ಕುಡಿಯಬೇಡಿ ಎಂದ ಮನೆಯೊಡತಿ

ಮಣಿಪಾಲದ ಇಳಿಜಾರಿನಲ್ಲಿ ಮಾರಾಟಕ್ಕಿದ್ದ ಮನೆಯೊಂದರ ಬಾವಿಯಿಂದ ನೀರು ಸೇದಿ ಬೊಗಸೆ ಒಡ್ಡಿದ್ದೆ. ನಮ್ಮ ಕಡೆ ಮನೆ ಕೊಳ್ಳುವ ಮೊದಲು ಬಾವಿಯ ನೀರು ಕುಡಿದು ನೋಡುವ ರೂಢಿ. ಮನೆಯೊಡತಿ ಧಾವಿಸಿ ಬಂದು ತಡೆದರು.

“ಕುಡಿಯಬೇಡಿ ಅಣ್ಣ, ಮೇಲಿನ ಫ್ಲ್ಯಾಟುಗಳ ಗಲೀಜು ಇದಕ್ಕೇ ಇಳಿಯುವುದು. ನಮ್ಮ ಮಕ್ಕಳಿಗೆ ಹೊಟ್ಟೆನೋವು ಬಿಟ್ಟದ್ದೇ ಇಲ್ಲ. ನಿಮಗೂ ಮಕ್ಕಳುಂಟಲ್ವಾ?”

ಅಷ್ಟು ಹೊತ್ತು ಜಾಗವನ್ನು ಹೊಗಳುತ್ತಿದ್ದ ಅವರ ಗಂಡ ಬಾವಿಕಟ್ಟೆಯ ಮೇಲೆ ಕುಸಿದು ಕುಳಿತರು. “ಬಂದವರಿಗೆಲ್ಲ ಹೀಗೆ ಹೇಳಿದ್ರೆ ನಾವು ಇಲ್ಲಿಂದ ಹೋಗುವುದು ಯಾವಾಗ ಮಾರಾಯ್ತಿ?”

ಆಕೆ ನಾನು ಸೇದಿಟ್ಟಿದ್ದ ಕೊಡದ ನೀರನ್ನು ತೆಂಗಿನ ಬುಡಕ್ಕೆ ಸುರಿದರು.

ನಮಗೆ ಬನ್ನಂಜೆಯಲ್ಲಿ ಬೇರೆ ಮನೆ ಸಿಕ್ಕಿತು. ಮಣಿಪಾಲದ ಆ ಮನೆ ಇನ್ನೂ ಮಾರಾಟವಾಗಿಲ್ಲ ಎಂದು ಮೊನ್ನೆ ಬ್ರೋಕರ್ ಹೇಳಿದರು. ನನ್ನ ಮಕ್ಕಳ ಬಗ್ಗೆ ಯೋಚಿಸಿದ ಆ ತಾಯಿಯ ಮಕ್ಕಳು ಅಲ್ಲೇ ಇದ್ದಾರೆ.