ಮಾವನ ಬೆಲ್ಟು

ವೆಂಡೆಲಿನ್ ಹಾಬರ್‌ಕೋರ್ನ್ ಊರ ಬಸ್ಸು ಓಡಿಸಿ ನಿವೃತ್ತನಾದವನು. ಜರ್ಮನಿಯ ಲ್ಯೂಡೆನ್‌ಶೈಡ್‌ನಲ್ಲಿ ಗುಂಡಿ, ಬಕಲ್ ಮಾಡುವ ಕಾರ್ಖಾನೆಗಳ ನಡುವೆಯೇ ಬೆಳೆದವನಿಗೆ ಹಳೆಯ ಸೈನಿಕರ ಬೆಲ್ಟುಗಳ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ. ಭಾನುವಾರವಾದರೆ ಹಳೆ ಸಾಮಾನಿನ ಸಂತೆಯಲ್ಲಿರುತ್ತಿದ್ದ. ಬಕಲನ್ನು ಅಂಗೈಯಲ್ಲಿ ತೂಗಿ ನೋಡುವನು, ಮಗುಚಿ ಹಿಂಬದಿ ಸವರುವನು. ಅಚ್ಚಿನಲ್ಲಿ ಒತ್ತಿದ ಅಸಲಿಯಾದರೆ ಅಕ್ಷರಗಳ ಅಂಚು ಚೂಪು. ಎರಕ ಹೊಯ್ದ ನಕಲಿಯಾದರೆ ಮೈಮೇಲೆ ಸಣ್ಣ ಗುಳಿಗಳು. ಕೊಳ್ಳುತ್ತಿದ್ದದ್ದು ಮಾತ್ರ ಮೊದಲ ಮಹಾಯುದ್ಧದ, ಕೈಸರ್ ಚಕ್ರವರ್ತಿಯ ಕಾಲದವನ್ನೇ. ಹಿಟ್ಲರನ ಕಾಲದ ಒಂದು ಗುಂಡಿಯೂ ಮನೆಯೊಳಗೆ ಬರಕೂಡದೆಂದು ಹೆಂಡತಿ ರೋಸ್ವಿತಾ ಮದುವೆಯ ಹೊಸದರಲ್ಲೇ ಹೇಳಿಬಿಟ್ಟಿದ್ದಳು.

ಅವಳ ತಂದೆ ಎಂಗೆಲ್ಬರ್ಟ್ ಊರಿನ ಬೇಕರಿಯವರು. ಎರಡನೇ ಮಹಾಯುದ್ಧದಲ್ಲೂ ಸೈನ್ಯಕ್ಕೆ ಬ್ರೆಡ್ ಮಾಡುತ್ತಿದ್ದೆ ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಟ್ಟ ಖಾಲಿ ಮಾಡುತ್ತಿದ್ದ ಮಗ ಗೆರೋಲ್ಡ್ ಒಂದು ಮಧ್ಯಾಹ್ನ ಬಟ್ಟೆಯಲ್ಲಿ ಸುತ್ತಿದ ಬೆಲ್ಟನ್ನು ಅಕ್ಕನ ಮನೆಗೆ ತಂದ.

"ತಗೊಳ್ಳಿ ಭಾವ, ನಿಮ್ಮ ಮಾಲು. ಅಪ್ಪಂದು."

ವೆಂಡೆಲಿನ್ ಬಟ್ಟೆ ಬಿಚ್ಚಿದ. ಮಾಮೂಲಿ ಸೈನಿಕರ ಬಕಲಿನ ಮೇಲೆ 'ದೇವರು ನಮ್ಮೊಂದಿಗೆ' ಎಂದಿರುತ್ತದೆ. ಇದರ ಮೇಲೆ 'ನಿಷ್ಠೆಯೇ ನನ್ನ ಮಾನ' ಎಂದಿತ್ತು. ಅದು ಹಿಟ್ಲರನ ಖಾಸಾ ಎಸ್‌ಎಸ್ ಪಡೆಯವರ ಮಾತು. ನಕಲಿಯಾಗಿರಲಿ ಎಂದು ಜೀವನದಲ್ಲಿ ಮೊದಲ ಸಲ ಆಸೆಪಟ್ಟು ಗುಳಿಗಳನ್ನು ಹುಡುಕಿದ. ಸಿಗಲಿಲ್ಲ. ಹಿಂಬದಿಯಲ್ಲಿ ತಮ್ಮೂರಿನ ಕಾರ್ಖಾನೆಯೊಂದರ ಗುರುತಿತ್ತು.

"ಏನು, ಬಾಯಿಗೆ ಬೀಗ ಬಿತ್ತಾ?" ಎಂದಳು ರೋಸ್ವಿತಾ.

"ರೋಸಿ, ಇದು ಎಸ್‌ಎಸ್‌ನೋರದು."

ಗೆರೋಲ್ಡ್‌ನ ಮುಖ ಬಿಗಿಯಿತು. "ಅಪ್ಪ ಬ್ರೆಡ್ ಮಾಡ್ತಿದ್ದೋರು. ಯಾರದೋ ಬಿದ್ದಿದ್ದನ್ನ ಎತ್ಕೊಂಡಿರ್ಬೇಕು."

"ಇರಬಹುದಪ್ಪ. ಬಕಲ್ ಯಾವುದು ಅಂತ ಹೇಳಬಲ್ಲೆ. ಯಾರು ತೊಟ್ಟಿದ್ರು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ರೋಸ್ವಿತಾ ಸೇಬಿನ ಕೇಕ್ ಕತ್ತರಿಸುತ್ತಿದ್ದವಳು ಚಾಕು ಕೆಳಗಿಟ್ಟಳು. "ಕೆರೆಗೆ ಈಜೋಕೆ ಹೋದಾಗ ಅಪ್ಪ ಯಾವತ್ತಾದ್ರೂ ಅಂಗಿ ಬಿಚ್ಚಿದ್ದು ನೋಡಿದೀಯಾ ಗೆರೋಲ್ಡ್? ನಾನು ಒಂದ್ಸಲ ನೋಡಿದೀನಿ. ಎಡತೋಳಿನ ಒಳಗಡೆ, ಕಂಕುಳ ಹತ್ರ ಸುಟ್ಟ ಕಲೆ. ಒಲೆ ತಗುಲ್ತು ಅಂದ್ರು. ಅಲ್ಲಿ ಯಾವ ಒಲೆ ತಗುಲತ್ತೆ? ಎಸ್‌ಎಸ್‌ನೋರಿಗೆ ಅಲ್ಲೇ ರಕ್ತದ ಗುಂಪಿನ ಹಚ್ಚೆ ಹಾಕ್ತಿದ್ರಂತೆ. ಯುದ್ಧ ಸೋತ ಮೇಲೆ ಕೆಲವರು ಸುಟ್ಟು ಅಳಿಸ್ಕೊಂಡ್ರಂತೆ. ಕೇಳೋಣ ಅಂತ ಎಷ್ಟೋ ಸಲ ಬಾಯಿ ತೆರೆದೆ. ಆಗ್ಲಿಲ್ಲ."

"ಅಪ್ಪನ ಗೋರಿಯ ಮಣ್ಣು ಇನ್ನೂ ಒಣಗಿಲ್ಲ. ಆಗಲೇ ಇಬ್ಬರೂ ಸೇರಿ ಅವರ ಮೇಲೆ ಉಗೀತಿದೀರಿ" ಎಂದು ಗೆರೋಲ್ಡ್ ಎದ್ದು ಹೊರಟೇಹೋದ.

ವೆಂಡೆಲಿನ್ ತಲೆ ತಗ್ಗಿಸಿದ. "ನಾನು ಸುಳ್ಳು ಹೇಳಬಹುದಿತ್ತು."

"ನೀನು ಸುಳ್ಳು ಹೇಳಿದ್ರೆ ಕಿವಿ ಕೆಂಪಾಗತ್ತೆ. ಗೊತ್ತಾಗ್ತಿತ್ತು."

ಅವನು ಬಕಲನ್ನು ಮಗುಚಿ ಕಾರ್ಖಾನೆಯ ಗುರುತು ತೋರಿಸಿದ: "ಯುದ್ಧದ ಕಾಲದಲ್ಲಿ ನಮ್ಮಮ್ಮ ಈ ಕಾರ್ಖಾನೇಲೇ ಅಚ್ಚು ಒತ್ತೋ ಕೆಲಸ ಮಾಡ್ತಿದ್ಲು. ಇದೂ ಅವಳ ಕೈದೇ ಇರಬಹುದು. ನಾನೂ ಅವಳನ್ನ ಏನೂ ಕೇಳ್ಲಿಲ್ಲ."

ರೋಸ್ವಿತಾ ಅವನ ತಟ್ಟೆಗೆ ಕೇಕ್ ಹಾಕಿದಳು.

ಸಂತೆಯ ಗೆಳೆಯರು ಆ ಬೆಲ್ಟಿಗೆ ಒಳ್ಳೆ ಬೆಲೆ ಕೊಡುತ್ತೇವೆಂದರು. ಗಂಡ ಹೆಂಡತಿ ಅದನ್ನು ಊರಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ತಂದೆಯ ಹೆಸರು ಹಾಕದೆಯೂ ಇಡಬಹುದೆಂದು ಅಲ್ಲಿನ ಹೆಂಗಸು ಮೆಲ್ಲಗೆ ಹೇಳಿದಳು.

"ಹಾಕಿ" ಎಂದಳು ರೋಸ್ವಿತಾ. "ಈ ಊರಿಗೆ ಬ್ರೆಡ್ ಮಾಡಿ ಕೊಟ್ಟೋರು ಅಂತ್ಲೂ ಬರೀರಿ. ಅದೂ ನಿಜವೇ."

ಎರಡು ಕ್ರಿಸ್‌ಮಸ್ ಕಳೆದರೂ ಗೆರೋಲ್ಡ್ ಇತ್ತ ತಲೆ ಹಾಕಲಿಲ್ಲ. ಆಮೇಲೊಂದು ಸಂಜೆ ಫೋನ್ ಬಂತು.

"ಅಕ್ಕ, ಇವತ್ತು ಮ್ಯೂಸಿಯಂಗೆ ಹೋಗಿದ್ದೆ." ಎಂದ ಗೆರೋಲ್ಡ್. "ಅಪ್ಪನ ಹೆಸರನ್ನ ತಪ್ಪಿಲ್ಲದೆ ಬರ್ದಿದಾರೆ."

"ಹೌದು ಕಣೋ. ನಾನೇ ನಿಂತು ಬರೆಸಿದೆ."

"ಭಾನುವಾರ ಮನೇಲಿರ್ತೀರಾ?"

"ನಿಮ್ಮ ಭಾವ ಸಂತೆಗೆ ಹೋಗ್ತಾರೆ. ನಾನಿರ್ತೀನಿ, ಬಾ" ಎಂದಳು ರೋಸ್ವಿತಾ.