ನಲವತ್ತೆರಡು ತಂಬಿಗೆ ನೀರು ಕುಡಿದ ಲೋಳಸರ

ನಲವತ್ತೆರಡು ತಂಬಿಗೆ. ಲೆಕ್ಕ ತಪ್ಪಿಲ್ಲ, ಡೈರಿಯಲ್ಲಿದೆ. ಇಪ್ಪತ್ತೊಂದು ದಿನ, ಮುಂಜಾನೆ ಒಂದು, ಸಂಜೆ ಒಂದು. ಇಪ್ಪತ್ತೆರಡನೆಯ ದಿನ, ಗುರುವಾರ, ಲೋಳಸರದ ಎಲೆ ಮುಟ್ಟಿದರೆ ಬೆರಳು ಒಳಗೇ ಹೋಯಿತು!

ಆ ಗಿಡ ನಮ್ಮ ವೈನಿಯದು, ಅಂದರೆ ಅಣ್ಣನ ಹೆಂಡತಿಯದು. ತೀರಿಹೋದ ಅವರ ತಾಯಿ ಕೊನೆಯ ಸಲ ಹುಕ್ಕೇರಿಯಿಂದ ಬಂದಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದ ಮರಿ. ಗೋಕಾಕದ ಎರಡು ಬೇಸಿಗೆಗಳನ್ನು ಒಡಕು ಮಡಕೆಯಲ್ಲೇ ಕಳೆದಿತ್ತು. ತಂಗಿಯ ಬಾಣಂತನಕ್ಕೆ ತವರಿಗೆ ಹೊರಟ ವೈನಿ ಅದನ್ನು ನನಗೆ ಒಪ್ಪಿಸಿದರು. ("ನೀ ಲೆಕ್ಕದ ಮನಷ್ಯಾ, ಮರಿಯಂಗಿಲ್ಲ" ಎಂಬ ಸರ್ಟಿಫಿಕೇಟ್ ಬೇರೆ.)

ನಾನು ಟೈಮ್‌ಟೇಬಲ್ ಹಾಕಿದೆ. ಗಿಡಕ್ಕೆ ಒಡಕು ಮಡಕೆಯಿಂದ ಚಿಮಣಿ ಎಣ್ಣೆಯ ಡಬ್ಬಿಗೆ ಬಡ್ತಿಯನ್ನೂ ಕೊಟ್ಟೆ. ಡಬ್ಬಿಗೆ ತೂತಿಲ್ಲ ಎಂಬುದು ಹೊಳೆಯಲೇ ಇಲ್ಲ.

ವೈನಿ ಬರಲು ಹನ್ನೆರಡು ದಿನ ಉಳಿದಿತ್ತು. ಬೇರೆ ಲೋಳಸರ ಯಾವ ಬೇಲಿಯಲ್ಲಾದರೂ ಸಿಕ್ಕೀತು. ತಾಯಿ ತಂದದ್ದು ಎಲ್ಲಿ ಸಿಗಬೇಕು?

ನಮ್ಮ ಅಜ್ಜಿ, ಆಯಿ, ಡಬ್ಬಿಯಲ್ಲಿ ಇಣುಕಿದಳು. "ಏನೋ ಇದು? ಇದರಾಗ ಎಮ್ಮಿ ಮೈ ತೊಳದೀಯೇನು?"

"ದಿನಾ ಎರಡು ತಂಬಿಗಿ ನೀರು ಹಾಕೇನಿ, ಆಯಿ."

"ಅದನ್ನೂ ಬರದ ಇಟ್ಟೀಯೇನು?"

"ಹೂಂ."

"ಭಾಳ ಶಾಣ್ಯಾ ಅದಿ!"

ಗಿಡ ಕಿತ್ತು, ಕೊಳೆತದ್ದನ್ನೆಲ್ಲ ಕೊಯ್ದಳು. ಉಳಿದದ್ದು ಮೂರೇ ಎಲೆ. ದಾರ ಕಟ್ಟಿ, ದೃಷ್ಟಿಗೆಂದು ಎಲ್ಲರೂ ತೂಗುಬಿಡುವ ಹಾಗೆ, ತಲಬಾಗಿಲ ಮೇಲೆ ತಲೆಕೆಳಗಾಗಿ ತೂಗುಬಿಟ್ಟಳು.

"ಇನ್ನ ಅದರ ತಂಟೇಕ ಹೋಗಬ್ಯಾಡ."

ಮಣ್ಣಿಲ್ಲ, ನೀರಿಲ್ಲ. ಡೈರಿಯಲ್ಲಿ ಏನು ಬರೆಯಲಿ? "ಇಂದು ಏನೂ ಮಾಡಲಿಲ್ಲ." ಮರುದಿನವೂ ಅದೇ. ನಾಲ್ಕನೆಯ ದಿನ ಕೊಯ್ದ ಜಾಗ ಒಣಗಿ ಗಟ್ಟಿಯಾಯಿತು. ಒಂಬತ್ತನೆಯ ದಿನ ನೋಡುತ್ತೇನೆ, ಎಲೆಯ ತುದಿಗಳು ಮೇಲಕ್ಕೆ ತಿರುಗಿವೆ! ನೇತಾಡುತ್ತಲೇ ಬೆಳಕಿನ ದಿಕ್ಕು ಹುಡುಕಿಕೊಂಡ ಜೀವಕ್ಕೆ ಏನೆನ್ನಬೇಕು? ಬಾಗಿಲಲ್ಲಿ ನಿಂತು ಕೈ ಮುಗಿದೆ. (ಯಾರೂ ನೋಡಲಿಲ್ಲ.)

ವೈನಿ ಬಂದರು. ಹೊಸ್ತಿಲಲ್ಲೇ ನಿಂತು ಮೇಲೆ ನೋಡಿದರು. ನಾನು ಡೈರಿ ತೆರೆದು ಎಲ್ಲವನ್ನೂ ಓದಿದೆ. ನಲವತ್ತೆರಡನ್ನೂ ಮುಚ್ಚಿಡಲಿಲ್ಲ. ಅವರು ಕೈ ಚಾಚಿ ಒಂದು ಎಲೆ ಹಿಚುಕಿದರು. ಗಟ್ಟಿ ಇತ್ತು.

"ನಮ್ಮವ್ವನೂ ಹಿಂಗ ಇದ್ಳು, ತಮ್ಮಾ" ಎಂದರು. "ಭಾಳ ಉಪಚಾರ ಮಾಡಿದ್ರ ಸಿಟ್ಟಿಗೇಳ್ತಿದ್ಳು."

ಗಿಡ ಮತ್ತೆ ತನ್ನ ಒಡಕು ಮಡಕೆಗೆ ಹೋಯಿತು. ಈ ವಾರ ನೀರಿನ ಲೆಕ್ಕ ಸೊನ್ನೆ. ಇಷ್ಟು ಚೆನ್ನಾಗಿ ಕೆಲಸ ಮಾಡಿದ ವಾರ ನನ್ನ ಡೈರಿಯಲ್ಲಿ ಇನ್ನೊಂದಿಲ್ಲ.