ಅಮಾನತ್ತಿನ ಕೋಳಿಗಳು

ನಮ್ಮ ಹಿತ್ತಲಿನ ಗೋಡೆಯಲ್ಲಿ ಒಂದು ಸಂದು ಇತ್ತು. ಯಾವುದೋ ಮಳೆಗಾಲದಲ್ಲಿ ಎರಡು ಕಲ್ಲು ಕಳಚಿ ಬಿದ್ದು ಆದದ್ದು. ಒಂದು ಕೊಡ ಸಲೀಸಾಗಿ ದಾಟುವಷ್ಟು ಅಗಲ. ಈಗ ನಮ್ಮ ಕುಸನೂರಿನಲ್ಲಿ ಮನೆ ಕಟ್ಟಿಸುವವರು ಮೊದಲು ಕಂಪೌಂಡು ಎಬ್ಬಿಸಿ, ಆಮೇಲೆ ಮನೆಯ ಮಾತಾಡುತ್ತಾರೆ. ಹಾಗಾಗಿ ನನ್ನ ಈ ಸಂದಿನ ಮೋಹ ನಿಮಗೆ ವಿಚಿತ್ರವೆನಿಸಬಹುದು. ಆದರೆ ಹದಿನೆಂಟು ವರ್ಷ ನಮ್ಮ ಮನೆಯ ಹೋಳಿಗೆ ಆ ಕಡೆಗೆ, ಪಕ್ಕದ ಮನೆಯ ಮೆಹರ್ ಆಪಾ ಈದಿಗೆ ಮಾಡಿದ ಶಾವಿಗೆಯ ಶೀರ್‌ಕುರ್ಮಾ ಈ ಕಡೆಗೆ ದಾಟಿದ್ದು ಅದರಲ್ಲೇ. ಅವರ ಕೋಳಿಗಳಂತೂ ಅದನ್ನು ಹೆಬ್ಬಾಗಿಲೆಂದೇ ತಿಳಿದಿದ್ದವು. ಬೆಳಿಗ್ಗೆ ಅಲ್ಲಿ ಮೇಯ್ದು, ಬಿಸಿಲೇರಿದಾಗ ನಮ್ಮ ಕರಿಬೇವಿನ ಬುಡಕ್ಕೆ ಬಂದು ಮಣ್ಣಿನ ಸ್ನಾನ ಮಾಡುತ್ತಿದ್ದವು.

ನಾವು ಲಿಂಗ ಕಟ್ಟಿದ ಮನೆಯವರು. ಮೊಟ್ಟೆ ಕೂಡ ನಮ್ಮ ಒಲೆಯ ಹತ್ತಿರ ಬರುವಂತಿಲ್ಲ. ಆದರೆ ಓಡಾಡುವ ಕೋಳಿಯ ಮೇಲೆ ನನಗೆ ಯಾವ ತಕರಾರೂ ಇರಲಿಲ್ಲ. ಅವರ ಆರು ಕೋಳಿಗಳಲ್ಲಿ ಕೆಂಪು ಬಣ್ಣದ ಒಂದಕ್ಕೆ ನಾನೇ ಗೌರಿ ಎಂದು ಹೆಸರಿಟ್ಟಿದ್ದೆ. ಉಳಿದವಕ್ಕೆ ಆಪಾ ಬೇಗಂ, ಶೆಹಜಾದಿ ಎಂದೆಲ್ಲ ಹೆಸರಿಟ್ಟು ಹಿತ್ತಲನ್ನು ನವಾಬರ ದರ್ಬಾರು ಮಾಡಿದ್ದರು.

ಹೋದ ವರ್ಷ ಮೋಮಿನಪುರದಲ್ಲಿರುವ ಅವರ ಅಕ್ಕ ಬಿದ್ದು ಸೊಂಟ ಮುರಿದುಕೊಂಡರು. ನೋಡಿಕೊಳ್ಳಲು ಆಪಾ ಮನೆಗೆ ಬೀಗ ಹಾಕಿ ಹೊರಟರು. ಆ ಗಲ್ಲಿಯ ಮನೆಗೆ ಹಿತ್ತಲೇ ಇಲ್ಲ. ಆರೂ ಕೋಳಿಗಳನ್ನು ಸಂದಿನಿಂದ ಈಚೆಗೆ ಅಟ್ಟಿ, “ಶಾಂತಾ, ಇವು ನಿನ್ನ ಕಡೆ ನನ್ನ ಅಮಾನತ್. ನಾಕು ತಿಂಗಳಿಗೆ ಬರ್ತೀನಿ, ಜ್ವಾಕಿ ಮಾಡು” ಎಂದರು.

ನಾನು ನಕ್ಕುಬಿಟ್ಟೆ. ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ಗುಮಾಸ್ತಳಾಗಿದ್ದ ನನಗೆ ಅಮಾನತು ಎಂದರೆ ಒಂದೇ ಅರ್ಥ, ತಪ್ಪು ಮಾಡಿದ ನೌಕರನನ್ನು ಕೆಲಸದಿಂದ ದೂರವಿಡುವ ಆದೇಶ. “ಏನ್ ತಪ್ಪ ಮಾಡ್ಯಾವ್ರೀ ಆಪಾ ಇವು, ಅಮಾನತ್ ಮಾಡಾಕ?” ಎಂದೆ. ಅವರು ನಗಲಿಲ್ಲ. “ಅದು ನಿಮ್ಮ ಆಫೀಸಿನ ಮಾತವ್ವಾ. ನಂಬಿ ಒಬ್ಬರ ಕೈಯಾಗ ಇಟ್ಟದ್ದಕ್ಕ ನಾವು ಅಮಾನತ್ ಅಂತೀವಿ. ತಿರುಗಿ ಕೇಳಿದಾಗ ಇಟ್ಟಂಗ ಕೊಡಬೇಕು.” ಒಂದೇ ಪದ, ಗೋಡೆಯ ಆಚೆ ನಂಬಿಕೆ, ಈಚೆ ಶಿಕ್ಷೆ. ಅದು ಒಟ್ಟಿಗೇ ಎರಡೂ ಆಗಬಲ್ಲದೆಂದು ಅಂದು ನನಗೆ ಹೊಳೆಯಲಿಲ್ಲ.

ನಾಲ್ಕು ತಿಂಗಳು ಹೋಗಿ ಹನ್ನೊಂದಾದವು. ಪ್ರತಿ ಶುಕ್ರವಾರ ನಮಾಜಿನ ನಂತರ ಆಪಾ ಫೋನು ಮಾಡಿ, “ನನ್ನ ಬಚ್ಚೆಗೋಳು ಹೆಂಗವ?” ಎಂದು ಕೇಳುವರು, ನಾನು ಒಂದೊಂದರ ವರದಿ ಒಪ್ಪಿಸುವೆ. ಬೀಗ ಹಾಕಿದ ಆ ಅಂಗಳದಲ್ಲಿ ಕಳೆ ಎದೆಯುದ್ದ ಬೆಳೆಯಿತು. ಸಂದು ಮುಚ್ಚಿಸೋಣವೆಂದು ನಮ್ಮ ಮನೆಯವರು ಹೇಳಿದಾಗಲೆಲ್ಲ ನಾನು ಬೇಡವೆಂದೆ. ಅಲ್ಲಿ ಕಲ್ಲು ಇಟ್ಟರೆ ಆಪಾ ಬರುವುದಿಲ್ಲವೆಂದು ನಾನೇ ಒಪ್ಪಿಕೊಂಡಂತಲ್ಲವೇ? ಒಬ್ಬರ ದಾರಿ ನೋಡಬೇಕಾದರೆ ದಾರಿಯಾದರೂ ತೆರೆದಿರಬೇಕಷ್ಟೆ.

ಆ ದಾರಿಯಲ್ಲಿ ಒಂದು ಬೆಳಿಗ್ಗೆ ಬಂದದ್ದು ಮುಂಗುಸಿ. ಮುಂಗುಸಿ ಕಂಡರೆ ಶುಭವೆಂದು ನಂಬಿ ಬೆಳೆದವಳು ನಾನು. ಕಮಲಾಪುರದ ತವರಿನಲ್ಲಿ ಶಾಲೆಗೆ ಹೋಗುವಾಗ ಹೊಲದ ಬದುವಿನಲ್ಲಿ ಅದರ ಬಾಲ ಕಂಡರೂ ಸಾಕು, ಮುಖ ತೋರಿಸು ಎಂದು ಗೆಳತಿಯರೆಲ್ಲ ನಿಂತು ಬೇಡುತ್ತಿದ್ದೆವು. ಇದು ಬೇಡದೆಯೇ ತಿರುಗಿ ನೋಡಿತು. ಮೂರು ದಿನ ಅದೇ ಹೊತ್ತಿಗೆ ಬಂತು, ಮೂರು ದಿನವೂ ನಾನು ಕೈಮುಗಿದೆ. ಅದೂ ಆಪಾ ಮನೆಯ ಕಡೆಯಿಂದಲೇ ಬಂದಿದೆ, ಇನ್ನೇನು ಶುಭ ಬೇಕು! “ಆಪಾ ಬರ್ತಾರ ನೋಡ್ರಿ” ಎಂದೆ. “ಅದು ಕೋಳಿ ಎಣಸಾಕ ಬಂದದ” ಎಂದು ಮನೆಯವರು ಪೇಪರಿನಿಂದ ತಲೆ ಎತ್ತದೆ ಹೇಳಿದರು. ತಮಾಷೆ ಎಂದುಕೊಂಡೆ, ಅವರೂ ತಮಾಷೆಗೇ ಹೇಳಿದ್ದು.

ನಾಲ್ಕನೆಯ ದಿನ ತಮ್ಮನ ಬಸುರಿ ಮಗಳ ಕುಬಸದ ಕಾರ್ಯಕ್ಕೆಂದು ಇಬ್ಬರೂ ಕಮಲಾಪುರಕ್ಕೆ ಹೋಗಿ, ಬೆಳಕಿರುವಾಗಲೇ ತಿರುಗಿ ಬಂದೆವು. ಹಿತ್ತಲ ತುಂಬ ಪುಕ್ಕ. ಐದು ಕೋಳಿ ಸತ್ತು ಬಿದ್ದಿದ್ದವು. ತಿಂದದ್ದು ಕಡಿಮೆ, ಕೊಂದದ್ದೇ ಹೆಚ್ಚು. ಗೌರಿ ಸಿಗಲೇ ಇಲ್ಲ, ಸಂದಿನ ಕೆಳಗಿನ ಕಲ್ಲಿಗೆ ಅವಳ ಕೆಂಪು ಪುಕ್ಕವೊಂದು ಅಂಟಿಕೊಂಡಿತ್ತು. ಮುಂಗುಸಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಶುಭ ತರುತ್ತೇನೆಂದು ಅದೇನೂ ಮಾತು ಕೊಟ್ಟಿರಲಿಲ್ಲ. ಕೈಮುಗಿದವಳ ಮೇಲೆ ಬಂತು.

ಶುಕ್ರವಾರ ಫೋನು ಬಂತು. “ನನ್ನ ಬಚ್ಚೆಗೋಳು ಹೆಂಗವ?”

“ಛಲೋ ಅವ್ರೀ ಆಪಾ” ಎಂದೆ.

ಒಮ್ಮೆ ಹುಟ್ಟಿದ ಸುಳ್ಳಿಗೆ ದಿನಾ ಕಾಳು ಹಾಕಿ ಸಾಕಬೇಕಾಗುತ್ತದೆ. ಬೈಗುಳಕ್ಕೆ ನಾನು ಹೆದರಲಿಲ್ಲ. ನಿಜ ಹೇಳಿದರೆ ಆಪಾಗೆ ಕೇಳಲು ಏನು ಉಳಿಯುತ್ತದೆ, ಆಮೇಲೆ ಯಾತಕ್ಕೆ ಫೋನು ಮಾಡುತ್ತಾರೆ ಎಂಬುದೇ ನನ್ನ ಹೆದರಿಕೆ. ಕೋಳಿಗಳು ಹೋದ ಹಾಗೆ ಶುಕ್ರವಾರಗಳೂ ಹೋದರೆ ನಾನು ಏನು ಮಾಡಲಿ?

ಕಡೆಗೂ ಸಂದಿಗೆ ಕಲ್ಲಿಡಿಸಿ ಗಾರೆ ಹಾಕಿಸಿದೆ. ಆಮೇಲೆ ಕಮಲಾಪುರದ ಸಂತೆಗೆ ಹೋದೆ. ಕೆಂಪು ಬಾಳೆಯ ಗೊನೆಗಳನ್ನು ದಾಟಿ, ಬುಟ್ಟಿಯ ಕೆಳಗೆ ಕೋಳಿ ಮುಚ್ಚಿಟ್ಟುಕೊಂಡು ಕೂತವಳ ಮುಂದೆ ನಿಂತು, ಹಣೆ ತುಂಬ ವಿಭೂತಿ ಧರಿಸಿದ ನಾನು, ಒಂದು ಕೆಂಪು, ಎರಡು ಚುಕ್ಕೆಯವು, ಮೂರು ಕರಿಯವು ಎಂದು ಸೀರೆಗೆ ಕುಪ್ಪಸದ ಬಣ್ಣ ಹೊಂದಿಸುವವಳ ಹಾಗೆ ಆರಿಸತೊಡಗಿದೆ. “ಕೊಯ್ಸಿ ಕೊಡ್ಲೇನ್ರೀ ಅಕ್ಕಾರ?” ಎಂದಳು. “ಬ್ಯಾಡವ್ವಾ, ಸಾಕಾಕ” ಎಂದೆ. ಅವಳು ನನ್ನ ಹಣೆ ನೋಡಿ ನಕ್ಕಳು. “ಎಲ್ಲಾರೂ ಹಂಗ ಅಂತಾರ್ರೀ.”

ಹೊಸವು ಬಣ್ಣದಲ್ಲಿ ಹೊಂದಿದವು, ಗುಣದಲ್ಲಿ ಹೊಂದಲಿಲ್ಲ. ಗೋಡೆಯ ಕಡೆಗೆ ಒಂದೂ ತಿರುಗಿ ನೋಡಲಿಲ್ಲ; ಅಲ್ಲೊಂದು ಬಾಗಿಲಿತ್ತೆಂದು ಅವಕ್ಕೆ ಹೇಗೆ ಗೊತ್ತಾಗಬೇಕು? ಹಂಬಲಿಸುವುದಕ್ಕೂ ನೆನಪಿನ ಬಂಡವಾಳ ಬೇಕಲ್ಲ. ಅವುಗಳ ನಿಶ್ಚಿಂತೆ ನೋಡಿ, ನಗಬೇಡಿ, ನನಗೆ ಹೊಟ್ಟೆಕಿಚ್ಚಾಯಿತು. ಮಣ್ಣು ಕೆದರುವ ಸದ್ದು ಮರಳಿತ್ತು, ಗೋಡೆಯಾಚೆಯಿಂದ ನನ್ನ ಹೆಸರು ಹಿಡಿದು ಕರೆಯುವ ದನಿ ಮಾತ್ರ ಇರಲಿಲ್ಲ. ನಾನು ಕಾಯುತ್ತಿದ್ದುದು ಕೋಳಿಗಳನ್ನಲ್ಲವೆಂದು ಆಗ ತಿಳಿಯಿತು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ಹೇಳದೆ ಕೇಳದೆ, ಆಪಾ ಬಂದು ನಮ್ಮ ಮುಂಬಾಗಿಲು ಬಡಿದರು. ನೇರ ಹಿತ್ತಲಿಗೆ ನಡೆದು, “ಆವ್ ಆವ್, ಬೇಗಂ!” ಎಂದು ಕರೆದರು. ಕೋಳಿಗಳು ಬೆದರಿ ನನ್ನ ನೆರಿಗೆಯ ಹಿಂದೆ ಸರಿದವು. ಆಪಾ ಹೊಸ ಗಾರೆಯನ್ನು ನೋಡಿದರು, ನನ್ನ ಮುಖ ನೋಡಿದರು. ನಾನು ಎಲ್ಲ ಹೇಳಿದೆ, ಕೈಮುಗಿದದ್ದನ್ನೂ ಬಿಡದೆ. “ನಿಮ್ಮ ಅಮಾನತ್ ಕಾಯಾಕ ನನಗ ಆಗಲಿಲ್ರೀ ಆಪಾ. ಮ್ಯಾಲ ಸುಳ್ಳೂ ಹೇಳಿದೆ.”

ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

“ನಾನೂ ಸುಳ್ಳ ಹೇಳೀನಿ ಶಾಂತಾ” ಎಂದರು. “ನಾಕು ತಿಂಗಳಿಗೆ ಬರ್ತೀನಿ ಅನ್ನುವಾಗನೇ ನನಗ ಗೊತ್ತಿತ್ತು, ಬರಂಗಿಲ್ಲಂತ. ಅಕ್ಕಗ ನನ್ನ ಬಿಟ್ರ ಯಾರಿಲ್ಲ. ಕೋಳಿ ಯಾರಿಗರ ಕೊಟ್ರ ನಾ ತಿರುಗಿ ಬರಂಗಿಲ್ಲಂತ ನಿನಗ ತಿಳೀತಿತ್ತು, ಅದಕ್ಕ ಇಲ್ಲೇ ಬಿಟ್ಟೆ. ಇವತ್ತು ಅದನ್ನ ಹೇಳಾಕ ಬಂದೆ.”

ನನಗೆ ಅಳು ಬಂತು, ತಡೆಯಲಿಲ್ಲ. ಆಪಾ ಸೆರಗಿನಿಂದ ತಮ್ಮ ಮುಖ ಒರೆಸಿಕೊಂಡು, ಎದ್ದು, ಹೊಸ ಕೋಳಿಗಳ ಕಡೆ ನೋಡಿದರು. “ಇವು ನಿನ್ನವು. ನಾ ಯಾರಂತ ಇವಕ್ಕ ಹೇಳು” ಎಂದರು.

ನಾನು ಅಂಗೈಯಲ್ಲಿ ಜೋಳ ಹಿಡಿದು ಮುಂದೆ ನಡೆದೆ. ಆಪಾ, ಮೊದಲ ಸಲ ಬಂದ ನೆಂಟರ ಹಾಗೆ, ಎರಡು ಹೆಜ್ಜೆ ಹಿಂದೆ ಬಂದರು.